ಹಾಳುಗೋಡೆಯ ಗಿಡ ಕೀಳುವ ಮುನ್ನ: ತೆಲಂಗಾಣ ಪರಂಪರೆ ಇಲಾಖೆಯ ನಿರ್ದೇಶಕರಿಗೆ ಬಹಿರಂಗ ಪತ್ರ

ಕೆ.ಟಿ. ದೊಡ್ಡಿ,
ಜೋಗುಳಾಂಬ ಗದ್ವಾಲ ಜಿಲ್ಲೆ

ಮಾನ್ಯ ನಿರ್ದೇಶಕರೇ,

ಕೃಷ್ಣಾ ನದಿಯ ದಂಡೆಯಲ್ಲಿರುವ ಮುಡುಮಾಲದ ನಿಲಿಸುಗಲ್ಲುಗಳು 2025ರ ಮಾರ್ಚ್ ತಿಂಗಳಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದವು. ಮುಂದೆ ಅಂತಿಮ ಮನ್ನಣೆ ಕೋರಲಿರುವ ನೆಲೆಗಳನ್ನು ದೇಶವೊಂದು ಮೊದಲೇ ಹೆಸರಿಸಿಡುವ ಪಟ್ಟಿ ಇದಾಗಿದ್ದು, ಇದರಿಂದ ಮುಡುಮಾಲಕ್ಕೆ ಮಾತ್ರವಲ್ಲದೆ ನಾರಾಯಣಪೇಟೆ, ಮಖ್ತಲ್, ಗದ್ವಾಲ ಸೀಮೆಯ ಹಾಳುಬಿದ್ದ ಕೋಟೆ, ಗುಡಿ, ಬೂದಿದಿಬ್ಬಗಳಿಗೂ ಬಹುಕಾಲದಿಂದ ಸಲ್ಲಬೇಕಾಗಿದ್ದ ಗಮನ ಸಲ್ಲುವ ನಿರೀಕ್ಷೆ ಮೂಡಿದೆ. ಆದರೆ ಹಳೆಯ ನೆಲೆಯ ಅಭಿವೃದ್ಧಿಯೆಂದರೆ ಸಾಮಾನ್ಯವಾಗಿ ಮೊದಲು ನಡೆಯುವುದು ‘ಜಂಗಲ್ ಕಟಿಂಗ್’. ಜೆಸಿಬಿ ಬಂದು ನೆಲ ಕೆರೆಯುತ್ತದೆ, ಕೊಡಲಿ ಗೋಡೆಯ ಮೇಲಿನ ಹಸಿರನ್ನೆಲ್ಲ ಸವರುತ್ತದೆ, ಬೇಸಿಗೆಯಾದರೆ ಉಳಿದದ್ದಕ್ಕೆ ಬೆಂಕಿ ಬೀಳುತ್ತದೆ. ಹಾಳುನೆಲೆಗಳಲ್ಲಿ ಬೆಳೆದ ಗಿಡಗಳನ್ನು ಕೀಳುವ ಮೊದಲು ಅವು ಯಾವುವೆಂದು ಗುರುತಿಸಿ ದಾಖಲಿಸಬೇಕು, ಕಟ್ಟಡಕ್ಕೆ ಕೇಡು ಮಾಡುವವನ್ನು ಬೇರುಸಹಿತ ತೆಗೆಯಬೇಕು, ಉಳಿದವನ್ನು ಇರುವಂತೆಯೇ ಬಿಡಬೇಕು, ಮತ್ತು ಈ ವಿವೇಚನೆಯನ್ನು ಇಲಾಖೆಯ ಲಿಖಿತ ನಿಯಮವಾಗಿಸಬೇಕು ಎಂಬುದು ಈ ಪತ್ರದ ವಿನಂತಿ.

ಗಿಡ ಬೆಳೆದರೆ ಕಲ್ಲು ಹಾಳು ಎಂಬ ಮಾತು ಅರಳಿ ಮತ್ತು ಆಲದ ಮಟ್ಟಿಗೆ ಪೂರ್ತಿ ನಿಜ. ಹಣ್ಣು ತಿಂದ ಹಕ್ಕಿಯ ಹಿಕ್ಕೆಯೊಡನೆ ಬೀಜ ಗೋಡೆಯ ಸಂದಿಗೆ ಬೀಳುತ್ತದೆ; ಕಲ್ಲುಗಳ ನಡುವೆ ತುಂಬಿದ ಗಚ್ಚು, ಅಂದರೆ ಸುಣ್ಣ ಮತ್ತು ಮರಳಿನ ಗಾರೆ, ಮಳೆಯ ತೇವವನ್ನು ಹಿಡಿದಿಟ್ಟುಕೊಂಡು ಅದನ್ನು ಮೊಳೆಯಿಸುತ್ತದೆ; ದಾರದಷ್ಟು ಸಣ್ಣಗೆ ಒಳಹೊಕ್ಕ ಬೇರು ವರ್ಷ ಕಳೆದಂತೆ ದಪ್ಪವಾಗುತ್ತ ಎತ್ತುಗಳು ಎಳೆದು ತಂದಿದ್ದ ಚಪ್ಪಡಿಯನ್ನೂ ಜರುಗಿಸುತ್ತದೆ. ಇಂಥ ಗಿಡವನ್ನು ಬುಡದ ಮೇಲೆ ಕಡಿದುಬಿಟ್ಟರೆ ಸಾಲದು, ಏಕೆಂದರೆ ಒಳಗಿನ ಬೇರು ಸಾಯದೆ ನಾಲ್ಕಾರು ಚಿಗುರುಗಳನ್ನು ಹೊರಡಿಸುತ್ತದೆ, ಆ ಚಿಗುರುಗಳ ಅನ್ನ ಉಂಡು ತಾನು ಮತ್ತಷ್ಟು ಬಲಿಯುತ್ತದೆ, ಹೀಗೆ ಪ್ರತಿವರ್ಷ ಕಡಿದರೂ ಗೋಡೆ ಒಳಗಿನಿಂದ ಸಡಿಲಾಗುತ್ತಲೇ ಹೋಗುತ್ತದೆ. ಮಳೆಗಾಲ ಮುಗಿದು ಗಚ್ಚು ಇನ್ನೂ ಮೆತ್ತಗಿರುವಾಗ ಎಳೆಯ ಸಸಿಯನ್ನು ಇಡಿಯಾಗಿ ಬಿಡಿಸಿ ತೆಗೆದು, ಸಂದಿಯನ್ನು ಸಿಮೆಂಟಿನಿಂದಲ್ಲದೆ ಸುಣ್ಣದ ಗಾರೆಯಿಂದಲೇ ಮುಚ್ಚುವುದು ಸರಿಯಾದ ಕ್ರಮ. ಬಲಿತ ಬೇರಾದರೆ ಅದನ್ನು ಎಳೆಯಬಾರದು, ಎಳೆದರೆ ಕಲ್ಲೂ ಜೊತೆಗೆ ಬರುತ್ತದೆ. ಅದನ್ನು ಅಲ್ಲಿಯೇ ಸಾಯಿಸಿ, ಒಣಗಿದ ಮೇಲೆ ತುಂಡುತುಂಡಾಗಿ ಬಿಡಿಸಬೇಕಾಗುತ್ತದೆ. ಅರಳಿಯನ್ನು ಕಡಿಯಲು ಜನ ಹಿಂಜರಿಯುವುದು ಸಹಜವಾದುದರಿಂದ, ಇಡಿಯಾಗಿ, ಜೀವಂತವಾಗಿ ತೆಗೆದ ಎಳೆಯ ಸಸಿಯನ್ನು ಊರಿನ ಅಗಸಿಯ ಬಳಿ ನೆಟ್ಟು ಕಟ್ಟೆ ಕಟ್ಟಿಸಿದರೆ ಗೋಡೆಯೂ ಉಳಿಯುತ್ತದೆ, ಊರಿಗೆ ನೆರಳೂ ಆಗುತ್ತದೆ.

ಆದರೆ ಗೋಡೆಯ ಮೇಲಿನ ಗಿಡಗಳೆಲ್ಲ ಅರಳಿಯಲ್ಲ. ದಖ್ಖನ್ನಿನ ಹಳೆಯ ಗೋಡೆಗಳ ಸಂದಿಯಲ್ಲಿ ಮಯೂರಶಿಖೆ ಎಂಬ ಪುಟ್ಟ ಜರೀಗಿಡವೊಂದು ಬೆಳೆಯುತ್ತದೆ. ಜರೀಗಿಡವೆಂದರೆ ಹೂಬಿಡದೆ, ಬೀಜ ಕಟ್ಟದೆ, ಎಲೆಯ ಬೆನ್ನಿನ ಧೂಳಿನಂಥ ಕಣಗಳಿಂದ ಹರಡುವ ಸಸ್ಯ. ಬೆರಳುದ್ದದ ಕಡ್ಡಿಯ ತುದಿಯಲ್ಲಿ ತಾಳೆಗರಿಯನ್ನೇ ಕಿರಿದು ಮಾಡಿದಂಥ ಬೀಸಣಿಗೆ ಅದರ ಎಲೆ. ಬೇಸಿಗೆಯಲ್ಲಿ ಅದು ಮುದುಡಿ ಕಂದುಗಟ್ಟಿ ಸತ್ತಂತೆ ಕಾಣುತ್ತದೆ, ಮೊದಲ ಮಳೆ ಬಿದ್ದ ಮೇಲೆ ಮತ್ತೆ ಬಿಚ್ಚಿಕೊಂಡು ಹಸಿರಾಗುತ್ತದೆ. ಇದರ ಬೇರು ಕಲ್ಲನ್ನು ಜರುಗಿಸುವಂಥದ್ದಲ್ಲ. ತುಂಬೆ, ಉತ್ತರಾಣಿ, ನೆಗ್ಗಿಲು, ಗರಿಕೆಗಳೂ ಗೋಡೆ ಒಡೆಯುವ ಜಾತಿಯವಲ್ಲ. ಗದ್ವಾಲದ ವಿಷಯದಲ್ಲಂತೂ ಮಾತು ತಿರುಗುಮುರುಗಾಗಿದೆ. ಸೋಮನಾದ್ರಿ ಎಂದು ಹೆಸರಾದ ದೊರೆ ಪೆದ್ದ ಸೋಮಭೂಪಾಲ ಕಟ್ಟಿಸಿದ ಅಲ್ಲಿನ ಕೋಟೆಯನ್ನು ಜನ ಕರೆಯುವುದೇ ಮಣ್ಣಿನ ಕೋಟೆಯೆಂದು; ಮಣ್ಣಿನ ಗೋಡೆಗೆ ಬಿರುಮಳೆಯೇ ದೊಡ್ಡ ಶತ್ರುವಾದುದರಿಂದ, ಅದರ ನೆತ್ತಿಯ ಮೇಲೆ ಹೆಣೆದುಕೊಂಡ ಹುಲ್ಲು ಹನಿಯ ಪೆಟ್ಟನ್ನು ತಡೆದು ಮಣ್ಣನ್ನು ಹಿಡಿದು ನಿಲ್ಲಿಸುತ್ತದೆ. ಚೊಕ್ಕವಾಗಿ ಕಾಣಲೆಂದು ಆ ಹುಲ್ಲನ್ನು ಕೆತ್ತಿಸಿದರೆ ಮುಂದಿನ ಮಳೆಗಾಲದಲ್ಲಿ ಕೊಚ್ಚಿಹೋಗುವುದು ಕೋಟೆಯೇ.

ಬೆಂಕಿಯ ಬಗ್ಗೆ ಹೆಚ್ಚು ವಿವರಣೆ ಬೇಕಿಲ್ಲ. ಕಣಶಿಲೆಯ ಬಂಡೆಯನ್ನು ಕಾಯಿಸಿ ಸೀಳುವುದು ಕಲ್ಲು ಒಡೆಯುವವರ ಹಳೆಯ ವಿದ್ಯೆ. ಒಣಹುಲ್ಲಿಗೆ ಕಡ್ಡಿ ಗೀರಿದಾಗ ಬುಡದಲ್ಲಿರುವ ಶಾಸನಕ್ಕೂ ಶಿಲ್ಪಕ್ಕೂ ಆಗುವುದು ಅದೇ. ಹಾಳುನೆಲೆಗಳಲ್ಲಿ ಬೆಂಕಿ ಹಚ್ಚುವುದನ್ನು ಯಾವ ವಿನಾಯಿತಿಯೂ ಇಲ್ಲದೆ ನಿಷೇಧಿಸಬೇಕು.

ಮುಡುಮಾಲದಲ್ಲಿ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಅಲ್ಲಿ ಗೋಡೆಗಳಿಲ್ಲ, ಬೃಹತ್ ಶಿಲಾಯುಗದ, ಅಂದರೆ ದೊಡ್ಡ ದೊಡ್ಡ ಕಲ್ಲುಗಳನ್ನು ನೆಟ್ಟು ಸಮಾಧಿಗಳನ್ನೂ ಸ್ಮಾರಕಗಳನ್ನೂ ರಚಿಸುತ್ತಿದ್ದ ಕಾಲದ ಜನ ನಿಲ್ಲಿಸಿದ ಆಳೆತ್ತರ ಮೀರಿದ ಕಲ್ಲುಗಳಿವೆ, ಸಪ್ತರ್ಷಿ ಮಂಡಲದ ನಕ್ಷತ್ರಗಳನ್ನು ಹೋಲುವ ಗುಳಿಗಳನ್ನು ಕೊರೆದ ಬಂಡೆಯಿದೆ, ಇವೆಲ್ಲಕ್ಕೂ ಬುಡವಾಗಿ ತೆರೆದ ನೆಲವಿದೆ. ಆ ನೆಲದ ಮೇಲ್ಪದರವೂ ಸ್ಮಾರಕದ ಭಾಗವೇ. ಮಖ್ತಲ್ ಸೀಮೆಯ ಊಟ್ನೂರಿನಲ್ಲಿ ಪುರಾತತ್ತ್ವಜ್ಞ ರೇಮಂಡ್ ಆಲ್ಚಿನ್ 1950ರ ದಶಕದಲ್ಲಿ ಬೂದಿದಿಬ್ಬವನ್ನು ಅಗೆದಾಗ ನವಶಿಲಾಯುಗದ ದನಗಾಹಿಗಳ ದೊಡ್ಡಿಗಳು ಬೆಳಕಿಗೆ ಬಂದದ್ದೂ, ಸುಟ್ಟ ಸಗಣಿಯ ಬೂದಿಯ ಪದರದಲ್ಲಿ ದನಗಳ ಗೊರಸಿನ ಗುರುತುಗಳು ಉಳಿದಿದ್ದುದು ಕಂಡುಬಂದದ್ದೂ ಪುರಾತತ್ತ್ವದ ವಿದ್ಯಾರ್ಥಿಗಳಿಗೆಲ್ಲ ತಿಳಿದ ಸಂಗತಿ. ಅಷ್ಟು ನವಿರಾದ ಸಾಕ್ಷ್ಯವನ್ನು ಜೆಸಿಬಿಯ ಹಲ್ಲು ಕ್ಷಣದಲ್ಲಿ ಅಳಿಸಬಲ್ಲದು. ಬಳ್ಳಾರಿ ಬಳಿಯ ಸಂಗನಕಲ್ಲು ಮೊದಲಾದ ನೆಲೆಗಳ ಮಣ್ಣನ್ನು ನೀರಿನಲ್ಲಿ ತೇಲಿಸಿ ಸೋಸಿ, ಸುಟ್ಟು ಕರಿಕಾದ ಕಾಳುಗಳನ್ನು ಪರೀಕ್ಷಿಸಿದ ವಿದ್ವಾಂಸರು, ಆ ಕಾಲದ ಜನ ಹುರುಳಿ, ಹೆಸರು, ಕೊರಲೆ, ಜೊತೆಗೆ ಇಂದು ಬಟ್ಟೆಗೆ ಅಂಟುವ ಕಳೆಯೆಂದು ಎಲ್ಲರೂ ಶಪಿಸುವ ನವಣೆಯ ಜಾತಿಯ ಹುಲ್ಲಿನ ಕಾಳನ್ನೂ ಉಣ್ಣುತ್ತಿದ್ದರೆಂದು ತೋರಿಸಿಕೊಟ್ಟಿದ್ದಾರೆ. ಕೊರಲೆ ಈಗಲೂ ಈ ಭಾಗದ ಬೀಳುಗಳಲ್ಲಿ ಯಾರೂ ಬಿತ್ತದೆ ತಾನಾಗಿ ಹುಟ್ಟುತ್ತದೆ. ಕಲ್ಲು ನಿಲ್ಲಿಸಿದವರ ಹಿರಿಯರು ಉಂಡ ಹುಲ್ಲನ್ನು ಆ ಕಲ್ಲಿನ ಬುಡದಿಂದಲೇ ಕಿತ್ತು ಅಲ್ಲಿ ವಿದೇಶಿ ಲಾನು ಹಾಸುವುದು ಪರಂಪರೆಯ ರಕ್ಷಣೆಯಾಗಲಾರದು. ಬೇಲಿಯ ಸಾಲಿನಲ್ಲಿ ಹಬ್ಬುವ ಕಾಡುತೊಗರಿಗೂ ಇದೇ ಮಾತು ಸಲ್ಲುತ್ತದೆ. ಗಂಡು ಸಾಲು, ಹೆಣ್ಣು ಸಾಲು ಹಾಕಿ, ಒಂದೊಂದು ಹೂವನ್ನೂ ಕೈಯಿಂದಲೇ ಪರಾಗಸ್ಪರ್ಶ ಮಾಡಿ ಹತ್ತಿಬೀಜ ತಯಾರಿಸುವ ಗದ್ವಾಲ ಸೀಮೆಯ ರೈತರಿಗೆ, ಬೆಳೆಯೊಂದರ ಕಾಡುಬಂಧುವಿನಲ್ಲಿ ಅಡಗಿರುವ ಗುಣಗಳ ಬೆಲೆಯನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ತುಂಗಭದ್ರೆಯ ದಡದ ಆಲಂಪುರದಲ್ಲಿ ಗಿಡಗಳಿಗೂ ಗುಡಿಗಳಿಗೂ ಇರುವ ನಂಟು ಇನ್ನೂ ಆಪ್ತವಾದುದು. ಬಾದಾಮಿ ಚಾಲುಕ್ಯರು ಕಟ್ಟಿಸಿದ, ಕನ್ನಡ ಶಾಸನಗಳನ್ನೂ ತಮ್ಮ ಬಳಿ ಉಳಿಸಿಕೊಂಡಿರುವ ನವಬ್ರಹ್ಮ ದೇವಾಲಯಗಳಿಗೆ ಬಾಲ, ಅರ್ಕ, ಪದ್ಮ, ವಿಶ್ವ, ಕುಮಾರ ಮೊದಲಾದ ಹೆಸರುಗಳಿವೆ. ಈ ಹೆಸರುಗಳು ಬ್ರಹ್ಮನ ರೂಪಗಳವಲ್ಲ, ಪಾದರಸದಿಂದ ಔಷಧ ಸಿದ್ಧಪಡಿಸುತ್ತಿದ್ದ ರಸಸಿದ್ಧರು ಬಳಸುತ್ತಿದ್ದ ಗಿಡಮೂಲಿಕೆಗಳವು ಎಂಬ ಅಭಿಪ್ರಾಯವೊಂದು ಅಲ್ಲಿ ಬಹುಕಾಲದಿಂದ ಪ್ರಚಲಿತವಾಗಿದೆ. ಉದಾಹರಣೆಗೆ, ಅರ್ಕವೆಂದರೆ ಎಕ್ಕ. ಈ ಅಭಿಪ್ರಾಯದ ಐತಿಹಾಸಿಕತೆಯನ್ನು ವಿದ್ವಾಂಸರು ವಿಮರ್ಶಿಸಲಿ. ಎಕ್ಕದ ಹೆಸರು ಹೊತ್ತ ಗುಡಿಯ ಆವರಣದಿಂದ ಎಕ್ಕವನ್ನೇ ಕಸವೆಂದು ಕಿತ್ತೆಸೆಯುವ ಮುನ್ನ ಒಂದು ಕ್ಷಣ ತಡೆಯಲು ಅಷ್ಟು ಸಾಕು. ಆ ಗುಡಿಗಳು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ವಶದಲ್ಲಿರುವುದರಿಂದ ಅಲ್ಲಿ ರಾಜ್ಯದ ಇಲಾಖೆ ಕೇಂದ್ರದೊಡನೆ ಮಾತನಾಡಬೇಕಾಗುತ್ತದೆ. ಕಾಂಬೋಡಿಯದ ತಾ ಪ್ರೋಮ್ ದೇವಾಲಯದಲ್ಲಿ ಗೋಡೆಗಳನ್ನು ತಬ್ಬಿ ಬೆಳೆದ ಹೆಮ್ಮರಗಳನ್ನು ಉಳಿಸಿಕೊಂಡೇ ಕಲ್ಲುಗಳನ್ನು ಭದ್ರಪಡಿಸಿದ ಅನುಭವ ಸರ್ವೇಕ್ಷಣ ಇಲಾಖೆಗೇ ಇರುವುದರಿಂದ ಮಾತುಕತೆ ಕಷ್ಟವಾಗಲಾರದು.

ಹಾಳುನೆಲೆಯ ಗಿಡಗಳು ಜನರ ಹಬ್ಬಕ್ಕೂ ಬೇಕು. ಹೂಗಳ ಹಬ್ಬವಾದ ಬತುಕಮ್ಮ ಬಂದಾಗ ಈ ಸೀಮೆಯ ಹೆಣ್ಣುಮಕ್ಕಳು ತಂಗಡಿ ಹೂವನ್ನೂ ಗುನುಗು ಎಂದು ತೆಲುಗಿನಲ್ಲಿ ಕರೆಯುವ ಅಣ್ಣೆಯ ತೆನೆಯನ್ನೂ ಹುಡುಕಿ ತರುವುದು ಕೆರೆಯ ಏರಿ, ಬೀಳುನೆಲ, ಹಾಳುದಿಬ್ಬಗಳಿಂದ. ತಂಗಡಿ ತೆಲಂಗಾಣದ ರಾಜ್ಯಪುಷ್ಪವೂ ಹೌದು. ದಖ್ಖನ್ನಿನ ಕೋಟೆಗಳಲ್ಲಿ ತಾನಾಗಿ ಬೆಳೆದು ಬಡಮಕ್ಕಳ ಹಣ್ಣಾಗಿರುವ ಸೀತಾಫಲವಾದರೋ ಅಮೆರಿಕ ಖಂಡದಿಂದ ಬಂದದ್ದು. ಹೊರಗಿನಿಂದ ಬಂದದ್ದೆಲ್ಲ ಕಳೆಯೆಂಬ ವಾದವನ್ನೂ ಹಾಗಾಗಿ ಕುರುಡಾಗಿ ಅನ್ವಯಿಸಲಾಗದು. ಬಳ್ಳಾರಿ ಜಾಲಿ ಮತ್ತು ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಕಸ, ಇವೆರಡರ ಬಗ್ಗೆ ಮಾತ್ರ ದಾಕ್ಷಿಣ್ಯ ಬೇಡ. ಒಂದು ಆಳಕ್ಕೆ ಬೇರಿಳಿಸಿ ನೆಲವನ್ನೆಲ್ಲ ಆಕ್ರಮಿಸಿ ಬೇರೆ ಗಿಡ ಏಳದಂತೆ ಮಾಡುತ್ತದೆ, ಇನ್ನೊಂದು ಜನರಿಗೆ ತುರಿಕೆ, ಉಬ್ಬಸ ತರುತ್ತದೆ.

ಹೀಗೆ ದಾಖಲಿಸುವುದರಿಂದ ಏನು ಲಾಭವೆಂದು ಕೇಳುವವರಿಗೆ ರೋಮಿನ ಕೊಲೊಸಿಯಂ ಉತ್ತರ ಕೊಡುತ್ತದೆ. ರಿಚರ್ಡ್ ಡೀಕಿನ್ ಎಂಬ ಇಂಗ್ಲಿಷ್ ವೈದ್ಯ ಆ ಪಾಳು ಕ್ರೀಡಾಂಗಣವೊಂದರಲ್ಲೇ ಬೆಳೆದಿದ್ದ 420 ಜಾತಿಯ ಸಸ್ಯಗಳನ್ನು ವಿವರಿಸಿ 1855ರಲ್ಲಿ ಪುಸ್ತಕ ಪ್ರಕಟಿಸಿದ. ಅದಕ್ಕೂ ಎರಡು ಶತಮಾನ ಮೊದಲು, 1643ರಲ್ಲಿ, ದೊಮೆನಿಕೊ ಪನರೋಲಿ ಎಂಬಾತ ಅಲ್ಲಿಯದೇ 337 ಜಾತಿಗಳ ಪಟ್ಟಿ ಮಾಡಿದ್ದ. 1870ರ ನಂತರ ಪುರಾತತ್ತ್ವಜ್ಞರು ಗೋಡೆಗಳನ್ನು ಬೋಳಿಸಿ ಸ್ವಚ್ಛ ಮಾಡಿದಾಗ ಆ ಹಸಿರಿನ ಬಹುಪಾಲು ಅಳಿಯಿತು. ಇಂದು ವಿಜ್ಞಾನಿಗಳು ಆ ನಗರದ ಹವೆ ಶತಮಾನಗಳಲ್ಲಿ ಹೇಗೆ ಬದಲಾಯಿತೆಂದು ಅಳೆಯಲು ಆ ಪಟ್ಟಿಗಳನ್ನೇ ಆಧಾರ ಮಾಡಿಕೊಳ್ಳುತ್ತಾರೆ. ಗದ್ವಾಲ, ಆಲಂಪುರ, ಮುಡುಮಾಲಗಳಿಗೆ ಅಂಥ ಪಟ್ಟಿ ಬೇಕು, ಅದೂ ಗಿಡಗಳು ಇನ್ನೂ ಇರುವಾಗಲೇ ಬೇಕು.

ಇದಕ್ಕೆ ಹೊಸ ಕಾನೂನು ಬೇಕಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿಯೊಂದು ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು, ಅಂದರೆ ಊರಿನ ಗಿಡ, ಪ್ರಾಣಿ ಮತ್ತು ಅವುಗಳ ಬಗ್ಗೆ ಜನರಿಗಿರುವ ತಿಳಿವಳಿಕೆಯ ಪುಸ್ತಕವನ್ನು ಸಿದ್ಧಪಡಿಸಬೇಕು. ಆ ಪುಸ್ತಕದಲ್ಲಿ ಹಾಳುನೆಲೆಗಳಿಗೆಂದೇ ಒಂದು ಭಾಗ ತೆರೆಯುವಂತೆ ಪರಂಪರೆ ಇಲಾಖೆ ಕೋರಿದರೆ ಸಾಕು. ದಾಖಲಾತಿಗೆ ಸಸ್ಯಶಾಸ್ತ್ರದ ಅಧ್ಯಾಪಕರೊಡನೆ ಕುರಿ ಕಾಯುವವರೂ ಬತುಕಮ್ಮನ ಹೂ ತರುವ ಹೆಣ್ಣುಮಕ್ಕಳೂ ನಾಟಿ ಔಷಧ ಬಲ್ಲ ಹಿರಿಯರೂ ಕೂಡಬೇಕು, ಕೆ.ಟಿ. ದೊಡ್ಡಿ, ಮಾಗನೂರು, ಕೃಷ್ಣಾ ಮಂಡಲಗಳಂಥ ಗಡಿಭಾಗದಲ್ಲಿ ಒಂದೇ ಗಿಡಕ್ಕೆ ಒಂದು ಮನೆಯಲ್ಲಿ ಕನ್ನಡದ ಹೆಸರು, ಪಕ್ಕದ ಮನೆಯಲ್ಲಿ ತೆಲುಗಿನ ಹೆಸರು ಇರುವುದರಿಂದ ಎರಡೂ ಹೆಸರುಗಳು ಎರಡೂ ಲಿಪಿಗಳಲ್ಲಿ ದಾಖಲಾಗಬೇಕು. ಮುಡುಮಾಲದ ಅಂತಿಮ ಪ್ರಸ್ತಾವದ ಜೊತೆ ಯುನೆಸ್ಕೊಗೆ ನಿರ್ವಹಣಾ ಯೋಜನೆಯನ್ನು ಸಲ್ಲಿಸಲೇಬೇಕಾಗಿರುವುದರಿಂದ, ಅದರಲ್ಲಿ ಸಸ್ಯಗಳ ಕುರಿತ ಅಧ್ಯಾಯವೊಂದು ಸೇರಲಿ. ಗಣತಿಗೆ ತಕ್ಕ ಕಾಲ ಮುಂಗಾರಿನ ನಡುವಿನಿಂದ ದಸರೆಯವರೆಗೆ, ಬಹುಪಾಲು ಗಿಡಗಳು ಹೂವಿನಲ್ಲಿರುವಾಗ. ಅಲ್ಲಿಯವರೆಗೆ ಈ ಜಿಲ್ಲೆಗಳ ಯಾವ ಹಳೆಯ ನೆಲೆಯಲ್ಲೂ ಜಂಗಲ್ ಕಟಿಂಗ್‌ನ ಟೆಂಡರು ಕರೆಯದಂತೆ ಇಲಾಖೆ ಸುತ್ತೋಲೆ ಹೊರಡಿಸಬೇಕೆಂದು ವಿನಂತಿ.

ಗೌರವಗಳೊಂದಿಗೆ,
ಕೆ.ಟಿ. ದೊಡ್ಡಿ ಮಂಡಲದ ಕನ್ನಡಿಗರೊಬ್ಬರು