ಹಾಡು ಕಟ್ಟುವವನಿಗೆ ಹತ್ತು ನಿಮಿಷ

ಕಾರವಾರದ ಕಡಲತೀರಕ್ಕೆ ನಾವು ಹೆಮ್ಮೆಯಿಂದ ಒಬ್ಬ ಗೀತಕಾರನ ಹೆಸರಿಟ್ಟಿದ್ದೇವೆ. ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ರವೀಂದ್ರನಾಥ ಠಾಕೂರರು ಬಂದು ತಂಗಿದಾಗ ಅವರಿನ್ನೂ ಇಪ್ಪತ್ತೆರಡರ ಆಸುಪಾಸಿನ ಯುವಕ. ಅದಕ್ಕೂ ಮೊದಲು, 1881ರಲ್ಲೇ, ‘ವಾಲ್ಮೀಕಿ ಪ್ರತಿಭಾ’ ಎಂಬ ಗೀತನಾಟಕದಲ್ಲಿ ಅವರು ಐರಿಷ್ ಮೊದಲಾದ ಪಾಶ್ಚಾತ್ಯ ಧಾಟಿಗಳಿಗೆ ಬಂಗಾಳಿ ಮಾತುಗಳನ್ನು ಹೊಂದಿಸಿಯಾಗಿತ್ತು. ಅದನ್ನು ನಾವು ಪ್ರತಿಭೆ ಎನ್ನುತ್ತೇವೆ. ಅದೇ ತೀರದಲ್ಲಿ ನಮ್ಮದೇ ಮನೆಯ ಹುಡುಗನೊಬ್ಬ ಗಿಟಾರ್ ಹಿಡಿದು ಕುಳಿತು, ತಾನು ಬರೆದ ಕೊಂಕಣಿ ಅಥವಾ ಕನ್ನಡ ಪದಕ್ಕೆ ಬ್ಲೂಸಿನ ಧಾಟಿಯನ್ನು ಬೆರೆಸಿದರೆ ಮಾತ್ರ, ‘ಹುಡುಗ ಹಾದಿ ತಪ್ಪಿದ’ ಎನ್ನುತ್ತೇವೆ.

ಇದು ಕಲ್ಪನೆಯ ಮಾತಲ್ಲ. ಕೆಲವು ವರ್ಷಗಳ ಹಿಂದೆ ಕರಾವಳಿಯ ಧರ್ಮಕೇಂದ್ರವೊಂದರ ಹಬ್ಬದ ಸಂಜೆ ಅಂಥ ಯುವಕನಿಗೆ ವೇದಿಕೆ ಸಿಕ್ಕಿತು. ಬಹುಮಾನ ವಿತರಣೆಗೂ ಡಿಜೆಗೂ ನಡುವೆ ಹತ್ತು ನಿಮಿಷ. ಸೀಬರ್ಡ್ ನೌಕಾನೆಲೆಗಾಗಿ ತನ್ನ ಅಜ್ಜಿ ಬಿಟ್ಟುಕೊಟ್ಟ ಮನೆ, ಅಂಗಳದ ಬಾವಿ, ಮತ್ತೆ ಕಾಲಿಡಲಾಗದ ಆ ಹಾದಿ, ಇವನ್ನು ಕುರಿತು ಅವನು ಹಾಡಿದ. ಎರಡನೆಯ ಹಾಡು ಆರಂಭವಾಗುವ ಮೊದಲೇ ಸಮಿತಿಯವರು ಕೈಸನ್ನೆ ಮಾಡಿದರು. ಡಿಜೆಗೆ ಮುಂಗಡ ಕೊಟ್ಟಾಗಿತ್ತಲ್ಲ! ಹುಡುಗನಿಗೆ ಒಂದು ಶಾಲು. ‘ಹಬ್ಬದ ದಿನ ಅಳುವ ಹಾಡು ಏಕೆ?’ ಎಂದು ಹಿರಿಯರೊಬ್ಬರು ಕೇಳಿದರು. ಸಮಿತಿಯಲ್ಲಿ ನಾನೂ ಇದ್ದೆ, ಸುಮ್ಮನಿದ್ದೆ. ಆದುದರಿಂದ ಈ ಲೇಖನದ ಆಪಾದನೆಯಲ್ಲಿ ನನ್ನ ಪಾಲೂ ಇದೆ.

1986ರಲ್ಲಿ ಶಂಕುಸ್ಥಾಪನೆಯಾಗಿ 2005ರಲ್ಲಿ ಕಾರ್ಯಾರಂಭ ಮಾಡಿದ ಆ ನೌಕಾನೆಲೆಗಾಗಿ ಕಾರವಾರ ಮತ್ತು ಅಂಕೋಲೆಯ ಎಷ್ಟು ಕುಟುಂಬಗಳು ತೀರವನ್ನು ತೊರೆದವು ಎಂಬುದು ಈ ಪುಟವನ್ನು ಓದುವವರಿಗೆ ಹೇಳಬೇಕಾದ ಸಂಗತಿಯಲ್ಲ. ಪರಿಹಾರದ ಲೆಕ್ಕ ಕಚೇರಿಯ ಕಡತಗಳಲ್ಲಿದೆ. ಬಾವಿಯ ನೀರಿನ ರುಚಿ ಯಾವ ಕಡತದಲ್ಲಿದೆ? ಅದನ್ನು ಹಾಡಾಗಿ ಕಟ್ಟಿದವನು ಆ ಹುಡುಗ ಮಾತ್ರ.

‘ಅಳುವ ಹಾಡು’ ಎಂದು ಮೂಗು ಮುರಿಯುವವರು ಪವಿತ್ರ ಗ್ರಂಥದ ಕೀರ್ತನೆಗಳನ್ನು ಒಮ್ಮೆ ತೆರೆದು ನೋಡಲಿ. ಅಲ್ಲಿರುವ ಗೋಳಿನ ಪದಗಳನ್ನೆಲ್ಲ ತೆಗೆದುಹಾಕಿದರೆ ಗ್ರಂಥ ಎಷ್ಟು ತೆಳುವಾದೀತು! ಬ್ಲೂಸ್ ಎಂಬುದೂ ಅದೇ ಗೋಳಿನ ಕುಲಕ್ಕೆ ಸೇರಿದ್ದು. ಅಮೆರಿಕದ ದಕ್ಷಿಣ ಭಾಗದ ಹತ್ತಿ ಹೊಲಗಳಲ್ಲಿ, ಗುಲಾಮರ ಮಕ್ಕಳು ಮೊಮ್ಮಕ್ಕಳ ಬಾಯಲ್ಲಿ ಬೆಳೆದ ಹಾಡು ಅದು. ಒಂದು ಸಾಲನ್ನು ಹೇಳಿ, ಅದನ್ನೇ ಮತ್ತೊಮ್ಮೆ ಹೇಳಿ, ಮೂರನೆಯ ಸಾಲಿನಲ್ಲಿ ಉತ್ತರ ಕೊಡುವುದು ಅದರ ಸಾಮಾನ್ಯ ಕಟ್ಟು. ಒಬ್ಬರು ಹೇಳಿ ಉಳಿದವರು ಸೊಲ್ಲೆತ್ತುವ ಹಾಡಿಗೆ ಒಗ್ಗಿದ ನಮ್ಮ ಕಿವಿಗೆ ಇದೇನು ಅಪರಿಚಿತವೇ?

ಥಾಮಸ್ ಡಾರ್ಸಿ ಎಂಬವರು ‘ಜಾರ್ಜಿಯಾ ಟಾಮ್’ ಎಂಬ ಹೆಸರಿನಲ್ಲಿ ಬ್ಲೂಸ್ ಪಿಯಾನೊ ನುಡಿಸುತ್ತಿದ್ದರು. 1932ರಲ್ಲಿ ಅವರು ಪರಊರಿನಲ್ಲಿದ್ದಾಗ ಪತ್ನಿ ಹೆರಿಗೆಯಲ್ಲಿ ತೀರಿಕೊಂಡರು, ಹುಟ್ಟಿದ ಮಗುವೂ ಉಳಿಯಲಿಲ್ಲ. ಆ ದುಃಖದಲ್ಲಿ, ಹಳೆಯ ಭಕ್ತಿಗೀತೆಯೊಂದರ ಧಾಟಿಗೆ ಅವರು ಕಟ್ಟಿದ ಪ್ರಾರ್ಥನೆಯೇ 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗರ ಅಂತ್ಯಕ್ರಿಯೆಯಲ್ಲಿ ಮಹೇಲಿಯಾ ಜಾಕ್ಸನರ ಕಂಠದಿಂದ ಕೇಳಿಬಂದದ್ದು. ಆದರೆ ಬ್ಲೂಸಿನ ವಾಸನೆ ಇದೆಯೆಂದು ಮೊದಮೊದಲು ಡಾರ್ಸಿಯವರ ಭಕ್ತಿಗೀತೆಗಳಿಗೆ ಬಾಗಿಲು ಮುಚ್ಚಿದ ಚರ್ಚುಗಳು ಒಂದೆರಡಲ್ಲ. ಇಂದು ಅವರನ್ನು ಗಾಸ್ಪೆಲ್ ಸಂಗೀತದ ಪಿತಾಮಹ ಎನ್ನುತ್ತಾರೆ.

ನಗುವ ಮುನ್ನ ನಮ್ಮ ಮನೆಯ ಇತಿಹಾಸವನ್ನೂ ನೋಡಿಕೊಳ್ಳೋಣ. ಗೋವೆಯ ಇನ್ಕ್ವಿಸಿಶನ್ 1736ರಲ್ಲಿ ಹೊರಡಿಸಿದ ಆಜ್ಞೆ, ಮದುವೆಗಳಲ್ಲಿ ನಮ್ಮ ಹೆಂಗಸರು ಹಾಡುತ್ತಿದ್ದ ವೊವಿಯೊಗಳನ್ನೇ ನಿಷೇಧಿಸಿತು. ಇಂದು ರೋಸ್ ಸಂಜೆಯಲ್ಲಿ ವೊವಿಯೊ ಹಾಡಬಲ್ಲ ಅಜ್ಜಿಯೊಬ್ಬಳು ಸಿಕ್ಕರೆ ‘ನಮ್ಮ ಸಂಸ್ಕೃತಿ’ ಎಂದು ವಿಡಿಯೊ ಮಾಡಿಕೊಳ್ಳುತ್ತೇವೆ. ಉಡದ ಚರ್ಮ ಕಟ್ಟಿದ ಮಣ್ಣಿನ ಘುಮಟ್ ವನ್ಯಜೀವಿ ಕಾನೂನಿನಿಂದ ಮರೆಗೆ ಸರಿದು, ಮೇಕೆ ಚರ್ಮದೊಡನೆ ಮರಳಿತು. 2019ರಲ್ಲಿ ಗೋವಾ ಸರಕಾರ ಅದನ್ನು ಪರಂಪರೆಯ ವಾದ್ಯವೆಂದು ಘೋಷಿಸಿತು. ಅದೇ ಮಣ್ಣಿನ ವಾದ್ಯ ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಕೈಯಲ್ಲಿ ಗುಮಟೆಯಾಗಿದೆ. ಯಾವುದು ನಮ್ಮದು, ಯಾವುದು ಪರರದು ಎಂದು ಗೆರೆ ಎಳೆಯುವವರು ಈ ಮಡಕೆಯನ್ನು ಯಾವ ಕಡೆ ಇಡುತ್ತಾರೆ?

ಬೆರಕೆಯಿಂದ ಜಾನಪದ ಕೆಡುತ್ತದೆ ಎಂಬ ಆಕ್ಷೇಪವೂ ಉಂಟು. ಕೆಲವೊಮ್ಮೆ ಕೆಡುವುದು ನಿಜ. ಆದರೆ ಮೈಸೂರಿನ ರಘು ದೀಕ್ಷಿತ್ 2008ರಲ್ಲಿ ಹೊರತಂದ ಮೊದಲ ಧ್ವನಿಮುದ್ರಿಕೆಯ ಬಳಿಕ, ಶಾಲೆಯ ಪುಸ್ತಕದಲ್ಲಿ ಶರೀಫಜ್ಜನನ್ನು ಓದಿ ಮರೆತಿದ್ದ ಕಾಲೇಜು ಹುಡುಗರು ಗಿಟಾರಿನೊಂದಿಗೆ ಆ ತತ್ವಪದಗಳನ್ನು ಗುನುಗತೊಡಗಿದರು. ಶಿಶುನಾಳದ ಸಂತನಿಗೆ ಇದರಿಂದ ಆದ ನಷ್ಟವೇನೋ ನನಗಂತೂ ಕಾಣದು. (ದಿವ್ಯಬಲಿಪೂಜೆಯಲ್ಲಿ ರಾಕ್ ಸಂಗೀತ ಬೇಕೆಂದು ನಾನು ವಾದಿಸುತ್ತಿಲ್ಲ. ನನ್ನ ಮಾತು ಹಬ್ಬದ ಸಂಜೆಯ ವೇದಿಕೆಯನ್ನು, ಮದುವೆಯ ಚಪ್ಪರವನ್ನು ಕುರಿತದ್ದು.)

ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಸಿನಿಮಾದ ಹಂಗಿಲ್ಲದೆ, ಸಾವಿರಾರು ಹಾಡುಗಳನ್ನು ನೆನಪಿನಲ್ಲಿಟ್ಟುಕೊಂಡು ಬಾಳಿದವರು. ಮದ್ಯಕ್ಕೆ ಮಗನನ್ನು ಕಳೆದುಕೊಂಡ ಆ ತಾಯಿ ಸಾರಾಯಿ ವಿರೋಧಿ ಹೋರಾಟದ ಮುಂಚೂಣಿಯಲ್ಲಿ ನಿಂತರು. 2017ರಲ್ಲಿ ಪದ್ಮಶ್ರೀ ಬಂದಿತು. 2025ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡಾಗ ನಾವೆಲ್ಲ ಸಂತಾಪ ಸೂಚಿಸಿದೆವು. ದೆಹಲಿ ಗುರುತಿಸುವ ಮೊದಲು ನಮ್ಮಲ್ಲಿ ಎಷ್ಟು ಮಂದಿ ಆ ಅಜ್ಜಿಯ ಹಾಡನ್ನು ಕುಳಿತು ಕೇಳಿದ್ದೆವು?

ಇನ್ನು ಹಣದ ಮಾತು. ಅದನ್ನು ಆಡಲು ನಮಗೇಕೋ ನಾಚಿಕೆ. 2012ರ ತಿದ್ದುಪಡಿಯಿಂದ ಹಾಡು ಬರೆದವನಿಗೂ ಸ್ವರ ಹಾಕಿದವನಿಗೂ ಗೌರವಧನದ ಪಾಲನ್ನು ಕಾನೂನು ಖಚಿತಪಡಿಸಿದೆ. ಆದರೆ ಅದೇ ಹಕ್ಕುಸ್ವಾಮ್ಯ ಕಾಯಿದೆಯ 52ನೆಯ ಕಲಮು ಧಾರ್ಮಿಕ ವಿಧಿಗಳಿಗೂ ಮದುವೆಯ ಸಂಭ್ರಮಗಳಿಗೂ ವಿನಾಯಿತಿ ಕೊಟ್ಟಿದೆ. ಎಂದರೆ ನಮ್ಮ ಚಪ್ಪರದಲ್ಲಿ ಆ ಹುಡುಗನ ಹಾಡನ್ನು ಯಾರು ಎಷ್ಟು ಸಲ ಹಾಡಿದರೂ ಕಾನೂನಿನ ಮೂಲಕ ಅವನಿಗೆ ಒಂದು ಕಾಸೂ ಬಾರದು. ಅವನಿಗೆ ಸಿಗುವುದು ನಾವು ಕರೆದು, ಕೂರಿಸಿ, ಕೈಯಾರೆ ಕೊಟ್ಟ ಸಂಭಾವನೆ ಮಾತ್ರ. ಅಡುಗೆಯವರಿಗೆ, ಶಾಮಿಯಾನದವರಿಗೆ, ದೀಪಾಲಂಕಾರದವರಿಗೆ ‘ನಮ್ಮ ಹುಡುಗ ತಾನೆ, ಶಾಲು ಸಾಕು’ ಎನ್ನಲು ನಮಗೆ ಧೈರ್ಯವಿದೆಯೇ?

ಆ ಯುವಕ ಈಗ ಗೋವೆಯ ಹೋಟೆಲೊಂದರಲ್ಲಿ ಅತಿಥಿಗಳು ಕೇಳಿದ ಪರರ ಹಾಡುಗಳನ್ನು ಹಾಡುತ್ತಾನೆ. ಸಂಬಳ ಸರಿಯಾಗಿ ಬರುತ್ತದಂತೆ. ಕಳೆದ ಕ್ರಿಸ್ಮಸ್ ರಜೆಯಲ್ಲಿ ಸಿಕ್ಕಾಗ, ಬಾವಿಯ ಹಾಡನ್ನು ಇನ್ನೂ ಹಾಡುತ್ತೀಯಾ ಎಂದು ಕೇಳಿದೆ. ‘ಅಲ್ಲಿ ಯಾರಿಗೆ ಅರ್ಥವಾಗುತ್ತದೆ ಅಂಕಲ್?’ ಎಂದ. ಇಲ್ಲಿ ಅರ್ಥವಾಗುತ್ತಿತ್ತು. ಈ ವರ್ಷದ ಹಬ್ಬದ ಸಮಿತಿ ಸಭೆ ಸೇರಿದಾಗ, ಖರ್ಚಿನ ಪಟ್ಟಿಯಲ್ಲಿ ಡಿಜೆಗಿಂತ ಮೇಲೆ ಅವನ ಹೆಸರನ್ನೂ, ಅದರ ಮುಂದೆ ಒಂದು ಮೊತ್ತವನ್ನೂ ಬರೆಯಬೇಕೆಂದು ನಾನು ಕೇಳಲಿದ್ದೇನೆ. ಬೇಡವೆನ್ನುವವರು ಕಾರಣವನ್ನು ಸಭೆಯ ನಡಾವಳಿಯಲ್ಲಿ ಬರೆಸಲಿ.