ಒಗ್ಗುವುದಲ್ಲ, ಉಳಿಯುವುದು

“ರೋಗ ಔಷ್ದಿಗೆ ಒಗ್ಗೋಗ್ಯದೆ ಕಣಣ್ಣ. ಈ ಸಲ ಡಬಲ್ ಹಾಕ್ಬೇಕಂತೆ.”

ಆಲೂಗೆಡ್ಡೆ ಹೊಲದ ಬದುವಿನ ಮೇಲೆ ನಿಂತು ನನ್ನ ತಮ್ಮ ಹೀಗೆಂದಾಗ ನಾನೂ ತಲೆಯಾಡಿಸಿದ್ದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟ ಮೇಷ್ಟ್ರು ನಾನು. ಅವನ ಮಾತಿನಲ್ಲಿ ಒಂದು ಕ್ರಿಯಾಪದ ತಪ್ಪಿತ್ತು, ನನಗದು ಹೊಳೆಯಲಿಲ್ಲ. ಅಂಗಡಿಯವರು ಹೇಳಿದಂತೆ ಡಬಲ್ ಹಾಕಿದೆವು. ನಾಲ್ಕು ದಿನ ಮೋಡ ಮುಚ್ಚಿಕೊಂಡು ಜಡಿಮಳೆ ಹಿಡಿಯಿತು. ಐದನೆಯ ದಿನ ಹೋಗಿ ನೋಡಿದರೆ ಕುದಿಯುವ ನೀರು ಎರಚಿದ ಹಾಗೆ ಗಿಡಗಳೆಲ್ಲ ಕಪ್ಪಾಗಿ ಮಲಗಿದ್ದವು. ಅಂಗಮಾರಿ.

ಹರದನಹಳ್ಳಿ ಎಂದರೆ ಹೊರಗಿನವರಿಗೆ ಮಾಜಿ ಪ್ರಧಾನಿ ದೇವೇಗೌಡರ ಹುಟ್ಟೂರು. ಇಲ್ಲಿ ಇರುವ ನಮಗೆ ಅದು ರಾಗಿ, ದನ, ಮಳೆಯ ಲೆಕ್ಕಾಚಾರ. ಹಾಸನ ಜಿಲ್ಲೆಯಲ್ಲಿ ಆಲೂಗೆಡ್ಡೆಯಿಂದ ಮನೆ ಕಟ್ಟಿದವರೂ ಇದ್ದಾರೆ, ಅದರಿಂದಲೇ ಮನೆ ಮಾರಿದವರೂ ಇದ್ದಾರೆ. ಪಂಜಾಬಿನಿಂದ ಲಾರಿಯಲ್ಲಿ ಬಂದ ಬಿತ್ತನೆ ಗೆಡ್ಡೆಗೆ ಸಾಲ ಮಾಡಿ ದುಡ್ಡು ಸುರಿದು, ಅಂಗಮಾರಿಗೆ ಸೋತು, ಮುಸುಕಿನ ಜೋಳಕ್ಕೋ ಶುಂಠಿಗೋ ಹೊರಳಿದವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಆ ಸೋಲಿನಲ್ಲಿ ಮಳೆಯ ಪಾಲಿದೆ, ಮಾರುಕಟ್ಟೆಯ ಪಾಲಿದೆ. ಒಂದು ಪಾಠದ ಪಾಲೂ ಇದೆ ಎನ್ನುವುದು ನನ್ನ ವಾದ.

ತಪ್ಪಿದ ಆ ಕ್ರಿಯಾಪದ ‘ಒಗ್ಗು’. ಊರಿಗೆ ಬಂದ ಸೊಸೆ ಮನೆಗೆ ಒಗ್ಗುತ್ತಾಳೆ, ಹೋರಿ ನೊಗಕ್ಕೆ ಒಗ್ಗುತ್ತದೆ. ರೋಗಾಣು ಔಷಧಿಗೆ ಒಗ್ಗುವುದಿಲ್ಲ. ಒಂದು ಎಲೆಯ ಅಡಿಯಲ್ಲಿ ಅಂಗಮಾರಿಯ ಸಾವಿರಾರು ಬೀಜಕಣಗಳಿರುತ್ತವೆ. ಎಲ್ಲವೂ ಒಂದೇ ಅಚ್ಚಿನವಲ್ಲ. ವಂಶವಾಹಿಯ ನಕಲು ಆಗುವಾಗ ಅಲ್ಲೊಂದು ಇಲ್ಲೊಂದು ತಪ್ಪು ನುಸುಳಿ, ಯಾವುದೋ ಒಂದಕ್ಕೆ ಆ ಔಷಧಿ ನಾಟದೇ ಹೋಗಬಹುದು. ಔಷಧಿ ಹೊಡೆಯುವ ಮೊದಲೇ ಅದು ಹಾಗಿತ್ತು. ನಾವು ಹೊಡೆದಾಗ ಮಿಕ್ಕವು ಸತ್ತವು, ಅದು ಉಳಿಯಿತು. ಅದರ ಮರಿಗಳಿಗೂ ಆ ಗುಣ ಬಂತು. ಜಾಗವೂ ಖಾಲಿ ಇತ್ತು, ಹೊಲ ತುಂಬಿತು. ಒಬ್ಬರಿಗೊಬ್ಬರು ಸ್ವಲ್ಪ ಬೇರೆಯಾಗಿರುವುದು, ಆ ಬೇರೆತನ ಮಕ್ಕಳಿಗೆ ಇಳಿಯುವುದು, ಹುಟ್ಟಿದವರೆಲ್ಲ ಬದುಕದೆ ಇರುವುದು: ಈ ಮೂರು ಕೂಡಿದ ಕಡೆಯೆಲ್ಲ ಆಯ್ಕೆ ತಾನಾಗಿ ನಡೆಯುತ್ತದೆ. 1859ರಲ್ಲಿ ಚಾರ್ಲ್ಸ್ ಡಾರ್ವಿನ್ ಪುಸ್ತಕ ಬರೆದು ಹೇಳಿದ್ದರ ತಿರುಳು ಇಷ್ಟೇ.

ಇದು ನನ್ನ ಊಹೆಯಲ್ಲ. 2009–10ರ ಸುಮಾರಿಗೆ ದಕ್ಷಿಣ ಭಾರತದಲ್ಲಿ ಅಂಗಮಾರಿ ವಿಪರೀತವಾದಾಗ ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ರೋಗಾಣುವಿನ ವಂಶವನ್ನು ಪರೀಕ್ಷಿಸಿದರು. ಯುರೋಪಿನ ಹೊಲಗಳಲ್ಲಿ ಮೊದಲು ಕಾಣಿಸಿಕೊಂಡಿದ್ದ, ‘ಬ್ಲೂ 13’ ಎಂದು ಕರೆಯುವ ತಳಿ ಇಲ್ಲಿಗೂ ಕಾಲಿಟ್ಟಿತ್ತು. ಮೆಟಲಾಕ್ಸಿಲ್ ಎಂಬ ಔಷಧಿ ಅದಕ್ಕೆ ನಾಟುತ್ತಿರಲಿಲ್ಲ. ನಾವು ಕ್ಯಾನುಗಟ್ಟಲೆ ಹೊಡೆದು ಅದರ ಎದುರಾಳಿಗಳನ್ನು ತೆಗೆದುಹಾಕಿ ಅದಕ್ಕೇ ಹೊಲ ಬಿಟ್ಟುಕೊಟ್ಟಿದ್ದೆವು. 1845ರಿಂದ ಐರ್ಲೆಂಡಿನಲ್ಲಿ ಕ್ಷಾಮ ಹುಟ್ಟಿಸಿ ಸುಮಾರು ಹತ್ತು ಲಕ್ಷ ಜನರ ಸಾವಿಗೆ ಕಾರಣವಾದದ್ದೂ ಇದೇ ಕುಲದ ರೋಗಾಣು.

ಕ್ರಿಯಾಪದದಿಂದ ಏನಾಗುತ್ತದೆ ಎಂದು ಕೇಳಬಹುದು. ರೋಗ ‘ಒಗ್ಗಿದೆ’ ಎಂದುಕೊಂಡರೆ ಮುಂದಿನ ದಾರಿ ಒಂದೇ, ಅದೇ ಔಷಧಿಯನ್ನು ಹೆಚ್ಚು ಹಾಕುವುದು. ನಾಟದವು ‘ಉಳಿದಿವೆ’ ಎಂದು ತಿಳಿದರೆ ಬೇರೆ ದಾರಿ ಕಾಣುತ್ತದೆ. ಬೇರೆ ರೀತಿ ಕೆಲಸ ಮಾಡುವ ಔಷಧಿಗೆ ಬದಲಾಯಿಸುತ್ತೀರಿ. ರೋಗ ಬರುವ ಮುಂಚೆಯೇ ಮ್ಯಾಂಕೋಜೆಬ್‌ನಂಥದ್ದನ್ನು ಎಲೆಗೆ ಲೇಪವಾಗುವಂತೆ ಹೊಡೆಯುತ್ತೀರಿ. ರೋಗದ ಗೆಡ್ಡೆಯನ್ನು ಬದುವಿನಲ್ಲಿ ರಾಶಿ ಹಾಕದೆ ಹೂಳುತ್ತೀರಿ. ಒಂದು ಪದದ ಬೆಲೆ ಆ ವರ್ಷ ನಮಗೆ ಒಂದು ಬೆಳೆ.

ಔಷಧಿ ಬರುವ ಮುಂಚೆಯೂ ಈ ಆಟ ನಮ್ಮ ಹೊಲದಲ್ಲಿ ನಡೆಯುತ್ತಿತ್ತು. ರಾಗಿ ಹೊಲದಲ್ಲಿ ರಾಗಿಯ ಹಾಗೇ ಕಾಣುವ ಒಂದು ಕಳೆ ಹುಲ್ಲಿದೆ. ತೆನೆ ಬರುವವರೆಗೆ ಗುರುತು ಹಿಡಿಯುವುದು ಕಷ್ಟ, ಬುಡ ಚಪ್ಪಟೆಯಾಗಿ ಬೆಳ್ಳಗಿದೆಯೇ ಎಂದು ಬಗ್ಗಿ ನೋಡಬೇಕು. “ರಾಗಿ ಥರಾನೇ ನಾಟ್ಕ ಆಡ್ತದೆ” ಎಂದು ನಮ್ಮವ್ವ ಬೈಯುತ್ತಾ ಕೀಳುತ್ತಿದ್ದಳು. ಹುಲ್ಲಿಗೆ ನಾಟಕ ಕಲಿಸಿದವರು ಯಾರು? ಕಣ್ಣಿಗೆ ಬಿದ್ದದ್ದನ್ನು ಕಿತ್ತು, ರಾಗಿಯಂತೆ ಕಂಡದ್ದನ್ನು ಬಿಟ್ಟ ಕೈಗಳೇ ತಲೆಮಾರುಗಟ್ಟಲೆ ಇಂಥ ಕಳೆಗಳನ್ನು ತಿದ್ದುತ್ತ ಬಂದಿವೆ. ಅದೇ ಅವ್ವ ಒಕ್ಕಣೆಗೆ ಮುಂಚೆ ತುಂಬಿದ ತೆನೆಗಳನ್ನು ಆರಿಸಿ ಬಿತ್ತನೆಗೆಂದು ಬೇರೆ ಕಟ್ಟಿಡುತ್ತಿದ್ದಳು. ಅಪ್ಪ ಬೂಕನಬೆಟ್ಟದ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿಯ ಹಲ್ಲು, ಸುಳಿ, ನಡಿಗೆ ನೋಡಿ ಅರ್ಧ ದಿನ ಚೌಕಾಸಿ ಮಾಡುತ್ತಿದ್ದ. ಡಾರ್ವಿನ್ ತನ್ನ ಪುಸ್ತಕದ ಮೊದಲ ಅಧ್ಯಾಯದಲ್ಲಿ ಪಾರಿವಾಳ ಸಾಕುವವರ ಬಗ್ಗೆ ಬರೆದ. ನಮ್ಮ ಹೊಳೆನರಸೀಪುರದಲ್ಲಿ ಹುಟ್ಟಿದ್ದರೆ ಹೋರಿಯಿಂದ ಶುರುಮಾಡುತ್ತಿದ್ದ.

ಜೀವಜಾತಿ ಎಂದರೇನು, ಒಂದು ಎರಡಾಗುವುದು ಹೇಗೆ ಎಂಬುದಕ್ಕೂ ರಾಗಿಯಲ್ಲೇ ಉತ್ತರವಿದೆ. ನಮ್ಮ ಕಡೆ ಊರೂರುಗಳ ನಡುವೆ ‘ಕೊಟ್ಟು ತರುವ ಸಂಬಂಧ’ ಎನ್ನುತ್ತೇವೆ, ಹೆಣ್ಣು ಕೊಡುವುದು, ಹೆಣ್ಣು ತರುವುದು. ಜೀವಿಗಳ ಎರಡು ಗುಂಪುಗಳ ನಡುವೆ ಆ ಸಂಬಂಧ ಪೂರ್ತಿ ಕಡಿದುಹೋದರೆ ಅವು ಎರಡು ಜಾತಿ. ರಾಗಿ ಮೂಲತಃ ಪೂರ್ವ ಆಫ್ರಿಕಾದ ಎತ್ತರದ ನಾಡಿನದು, ಸಾವಿರಾರು ವರ್ಷಗಳ ಹಿಂದೆ ಕಡಲು ದಾಟಿ ಬಂದದ್ದು. ಇಷ್ಟು ಕಾಲ, ಇಷ್ಟು ದೂರ ಕಳೆದರೂ ಮಂಡ್ಯದ ವಿ.ಸಿ. ಫಾರಂನಲ್ಲಿ ತಳಿ ವಿಜ್ಞಾನಿ ‘ರಾಗಿ’ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿದಾಗ ಬೀಜ ಕಟ್ಟಿತು. ಅದೇ ಇಂಡಾಫ್, ಇಂಡಿಯಾ ಮತ್ತು ಆಫ್ರಿಕಾ ಸೇರಿದ ಹೆಸರು. ಸಂಬಂಧ ಕಡಿದಿರಲಿಲ್ಲ.

ಆದರೆ ಗೇಣು ದೂರದಲ್ಲಿ ನಿಂತ ಆ ನಾಟಕದ ಹುಲ್ಲಿನ ಜೊತೆ ರಾಗಿಗೆ ಸಂಬಂಧವಿಲ್ಲ. ಹುಲ್ಲಿನ ಜೀವಕೋಶದಲ್ಲಿ 18 ವರ್ಣತಂತುಗಳು, ರಾಗಿಯಲ್ಲಿ 36. ಬಹಳ ಹಿಂದೆ ಈ ಹುಲ್ಲಿನ ವಂಶದ್ದೊಂದು ಇನ್ನೊಂದು ಹುಲ್ಲಿನ ಜೊತೆ ಕೂಡಿ, ಇಬ್ಬರ ವರ್ಣತಂತುಗಳೂ ಪೂರ್ತಿಯಾಗಿ ಒಂದೇ ಗಿಡದಲ್ಲಿ ಉಳಿದು, ಕಾಡು ರಾಗಿ ಹುಟ್ಟಿತು. ಲೆಕ್ಕ ಬದಲಾದ್ದರಿಂದ ತವರಿನ ದಾರಿ ಮುಚ್ಚಿತು. ಆ ಇನ್ನೊಂದು ಹುಲ್ಲು ಯಾವುದೆಂದು ವಿಜ್ಞಾನಿಗಳು ಇಂದಿಗೂ ಹುಡುಕುತ್ತಿದ್ದಾರೆ. ಆಮೇಲೆ ಮನುಷ್ಯರು ಕಾಳು ಉದುರಿಸದ ತೆನೆಗಳನ್ನೇ ಕೊಯ್ದು, ಅದನ್ನೇ ಮತ್ತೆ ಬಿತ್ತಿ ನಮ್ಮ ಮುದ್ದೆಯ ರಾಗಿ ಮಾಡಿದರು.

ಒಂದು ಜಾತಿ ಎರಡಾಗುವುದು ಬೆಟ್ಟಗಳಲ್ಲಿ ನಿಧಾನವಾಗಿ ನಡೆಯುತ್ತದೆ. ಪಶ್ಚಿಮ ಘಟ್ಟದಲ್ಲಿ ಮಾತ್ರ ಇರುವ ಇರುಳುಗಪ್ಪೆಗಳು ಕಣಿವೆ ದಾಟಲಾರವು. ಒಂದೊಂದು ಬೆಟ್ಟಸಾಲಿನ ತೊರೆಯಲ್ಲಿ ಪ್ರತ್ಯೇಕವಾಗಿ ಉಳಿದು, ತಲೆಮಾರು ಉರುಳಿದಂತೆ ಬೇರೆಬೇರೆ ಜಾತಿಗಳಾಗಿವೆ. 2014ರಲ್ಲಿ ವಿಜ್ಞಾನಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಉತ್ತರ ಕನ್ನಡದ ಕಾಡಿನಿಂದ ಒಂದನ್ನು ಲೋಕಕ್ಕೆ ಪರಿಚಯಿಸಿದರು. ಮೊಟ್ಟೆಗಳಿಗೆ ಗಂಡು ಕೆಸರು ಮೆತ್ತುವುದರಿಂದ ಅದರ ಹೆಸರು ಕುಂಬಾರ ಕಪ್ಪೆ.

ತರಗತಿಯಲ್ಲಿ ಪ್ರತಿ ವರ್ಷ ಒಬ್ಬ ಹುಡುಗನಾದರೂ ಕೇಳುತ್ತಿದ್ದ: “ಸಾರ್, ಈಗಿನ ಕೋತಿಗಳು ಯಾಕೆ ಮನುಷ್ಯರಾಗ್ತಿಲ್ಲ?” ಕೋತಿ ನಮ್ಮ ಅಜ್ಜ ಅಲ್ಲ ಕಣೋ, ದಾಯಾದಿ. ಒಂದೇ ಮನೆಯಿಂದ ಪಾಲಾಗಿ ಹೋದವರು. ನಿನ್ನ ದೊಡ್ಡಪ್ಪನ ಮಗ ಯಾಕೆ ನೀನಾಗಲಿಲ್ಲ ಎಂದು ಕೇಳುತ್ತೀಯಾ? ಹುಡುಗರು ನಗುತ್ತಿದ್ದರು, ಮರೆಯುತ್ತಿರಲಿಲ್ಲ. ಆದರೆ ಅದೇ ನಾನು ಜಿರಾಫೆ ಕತ್ತು ಚಾಚಿ ಚಾಚಿ ಉದ್ದವಾಯಿತೆಂಬಂತೆ ಎಷ್ಟೋ ವರ್ಷ ಪಾಠ ಮಾಡಿದೆ. ಆ ತಪ್ಪೇ ಒಂದು ದಿನ ನನ್ನ ತಮ್ಮನ ಬಾಯಿಂದ ನನಗೆ ತಿರುಗಿ ಬಂತು.

2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೆಯ ತರಗತಿಯ ‘ಅನುವಂಶೀಯತೆ ಮತ್ತು ಜೀವವಿಕಾಸ’ ಅಧ್ಯಾಯದಿಂದ ಜೀವವಿಕಾಸವನ್ನು ಕೈಬಿಟ್ಟು ‘ಅನುವಂಶೀಯತೆ’ಯನ್ನಷ್ಟೇ ಉಳಿಸಿತು. ಮಕ್ಕಳ ಹೊರೆ ಇಳಿಸುವುದು ಕಾರಣವಂತೆ. ಸಾವಿರದ ಎಂಟುನೂರಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರ ಬರೆದು ವಿರೋಧಿಸಿದರು. ಹನ್ನೆರಡನೆಯ ತರಗತಿಯಲ್ಲಿ ಇದೆಯಲ್ಲ ಎಂಬ ಸಮಾಧಾನ ಬಂತು. ಹನ್ನೆರಡರಲ್ಲಿ ಇರುವುದು ಜೀವಶಾಸ್ತ್ರ ತೆಗೆದುಕೊಂಡವರಿಗೆ. ಅವರು ಡಾಕ್ಟರಾಗುತ್ತಾರೆ, ನರ್ಸ್ ಆಗುತ್ತಾರೆ, ಬೆಂಗಳೂರು ಸೇರುತ್ತಾರೆ. ಹತ್ತಕ್ಕೆ ಓದು ನಿಲ್ಲಿಸಿ ಹೊಲಕ್ಕೆ ಬರುವ ಹುಡುಗನಿಗೆ, ಡಾಕ್ಟರು ಕೊಟ್ಟ ಆಂಟಿಬಯೋಟಿಕ್ ಮಾತ್ರೆಯನ್ನು ಎರಡೇ ದಿನಕ್ಕೆ ಬಿಡುವ ತಾಯಿಗೆ ಈ ಪಾಠ ಮತ್ತೆ ಎಲ್ಲಿ ಸಿಗಬೇಕು? ಯಾರಿಗೆ ದಿನಬೆಳಗಾದರೆ ಬೇಕೋ ಅವರ ಕೈಯಿಂದಲೇ ಕಿತ್ತುಕೊಂಡಿದ್ದೇವೆ.

ಅಧ್ಯಾಯ ಹತ್ತನೆಯ ತರಗತಿಗೆ ವಾಪಸು ಬರಬೇಕು. ಬರುವವರೆಗೆ ಮೇಷ್ಟ್ರುಗಳು ಕಾಯಬೇಕಿಲ್ಲ. ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಮಕ್ಕಳನ್ನು ರಾಗಿ ಹೊಲಕ್ಕೆ ಇಳಿಸಿ, ರಾಗಿ ಯಾವುದು, ನಾಟಕದ ಹುಲ್ಲು ಯಾವುದು ಹುಡುಕಿಸಲಿ. ತಪ್ಪು ಕಿತ್ತವನಿಗೆ ಬೈಯುವುದು ಬೇಡ, ಆಯ್ಕೆ ಹೇಗೆ ನಡೆಯುತ್ತದೆಂದು ಅವನೇ ತೋರಿಸಿಕೊಟ್ಟಿರುತ್ತಾನೆ.

ತಮ್ಮನ ಮಗ ಈ ವರ್ಷ ಹತ್ತನೆಯ ತರಗತಿ. ಓದು ತಲೆಗೆ ಹತ್ತುತ್ತಿಲ್ಲ, ಮುಂದಿನ ವರ್ಷದಿಂದ ಹೊಲ ನೋಡಿಕೊಳ್ಳುತ್ತೇನೆ ಎನ್ನುತ್ತಿದ್ದಾನೆ. ಔಷಧಿ ಪಂಪು ಇನ್ನು ಅವನ ಬೆನ್ನಿಗೆ.