ಅಂಕಿ ಇಳಿದರೆ ಆಟಗಾರ ಇಳಿದನೇ?

ಅಮೆರಿಕದ ಫುಟ್‌ಬಾಲಿನಲ್ಲಿ ವರ್ಷವರ್ಷವೂ ಮರಳಿ ಬರುವ ವಾದವೊಂದಿದೆ. ಮೂವತ್ತರ ಆಸುಪಾಸಿನಲ್ಲಿರುವ ಹೆಸರಾಂತ ರಿಸೀವರ್ ಒಬ್ಬ ಹಳೆಯ ತಂಡವನ್ನು ಬಿಟ್ಟು ಹೊಸ ತಂಡ ಸೇರುತ್ತಾನೆ. ಮೊದಲ ಋತುವಿನಲ್ಲೇ ಅವನ ಅಂಕಿಗಳು ಇಳಿಯುತ್ತವೆ. ‘ಇವನ ಕಾಲ ಮುಗಿಯಿತು’ ಎಂಬ ತೀರ್ಪು ಕೂಡಲೇ ಹೊರಬೀಳುತ್ತದೆ. ಈ ತೀರ್ಪು ಕೆಲವೊಮ್ಮೆ ನಿಜವೂ ಆಗುತ್ತದೆ. ಆದರೆ ನಿಜವಾದಾಗಲೂ ಅದಕ್ಕೆ ಒದಗಿಸುವ ಸಾಕ್ಷ್ಯ ಬಹುಮಟ್ಟಿಗೆ ಪೊಳ್ಳಾಗಿರುತ್ತದೆ ಎಂಬುದು ನಮ್ಮ ಅಭಿಪ್ರಾಯ. ತಂಡ ಬದಲಿಸಿದ ಒಂದೆರಡು ವರ್ಷಗಳ ಮೊತ್ತವನ್ನಷ್ಟೇ ಮುಂದಿಟ್ಟುಕೊಂಡು ಒಬ್ಬ ರಿಸೀವರನ ಕಸುವು ಕುಗ್ಗಿತೆಂದು ಹೇಳಲಾಗದು. ಇದಕ್ಕೆ ರ‍್ಯಾಂಡಿ ಮಾಸ್ ಅವರ ಆಟದ ಬದುಕಿಗಿಂತ ಸ್ಪಷ್ಟವಾದ ನಿದರ್ಶನ ನಮಗೆ ತಿಳಿದಿಲ್ಲ.

ಈ ಆಟದ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು. ಇದು ಕಾಲಿನಿಂದ ಒದ್ದು ಆಡುವ ನಮ್ಮ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಓಡುವ, ಎಸೆಯುವ ಆಟ. ಎಸೆಯುವವನು ಕ್ವಾರ್ಟರ್‌ಬ್ಯಾಕ್. ಮೊದಲೇ ಗೊತ್ತುಮಾಡಿದ ದಾರಿಯಲ್ಲಿ ಓಡಿ, ತನ್ನನ್ನು ಕಾಯುವ ಎದುರಾಳಿಯಿಂದ ತಪ್ಪಿಸಿಕೊಂಡು, ಆ ಚೆಂಡನ್ನು ಹಿಡಿಯುವವನು ರಿಸೀವರ್. ಹಿಡಿದು ಮುಂದೆ ಸಾಗಿದ ದೂರವನ್ನು ಗಜಗಳಲ್ಲಿ ಅಳೆಯುತ್ತಾರೆ. ಕೊನೆಯ ಗೆರೆ ದಾಟಿದರೆ ಟಚ್‌ಡೌನ್. ಇದೆಲ್ಲ ನಡೆಯುವುದು ಕೆಲವೇ ಕ್ಷಣಗಳಲ್ಲಿ. ಅಷ್ಟು ಹೊತ್ತು ಎದುರಾಳಿಗಳು ಕ್ವಾರ್ಟರ್‌ಬ್ಯಾಕನನ್ನು ಕೆಡವದಂತೆ ಐದು ಮಂದಿ ದೈತ್ಯದೇಹಿಗಳು ಮುಂದೆ ಗೋಡೆಯಾಗಿ ನಿಂತಿರಬೇಕು. ಗೋಡೆ ಕುಸಿದರೆ ಚೆಂಡು ಎಸೆಯುವವನ ಕೈಯನ್ನೇ ಬಿಡುವುದಿಲ್ಲ. ದೂರದಲ್ಲಿ ಎದುರಾಳಿಯನ್ನು ಹಿಂದಿಕ್ಕಿ ಒಂಟಿಯಾಗಿ ಓಡುತ್ತಿರುವ ರಿಸೀವರನ ಆ ಓಟ ಯಾವ ಲೆಕ್ಕಕ್ಕೂ ಸೇರುವುದಿಲ್ಲ.

ಕ್ರಿಕೆಟ್ಟಿನ ಕಣ್ಣಿನಿಂದ ನೋಡುವ ನಾವು ಇಲ್ಲಿಯೇ ಎಡವುವುದು. ಬ್ಯಾಟ್ಸ್‌ಮನ್ನನಿಗೆ ಚೆಂಡನ್ನು ಕೊಡಲೇಬೇಕಾದವನು ಎದುರಾಳಿ. ಎಷ್ಟೇ ದುರ್ಬಲ ತಂಡಕ್ಕೆ ಸೇರಿದರೂ ಅವನೆದುರು ಬೌಲರ್ ಓಡಿ ಬಂದೇ ಬರುತ್ತಾನೆ. ರಾಹುಲ್ ದ್ರಾವಿಡ್ 2011ರಲ್ಲಿ ಬೆಂಗಳೂರು ತಂಡದಿಂದ ರಾಜಸ್ಥಾನ ತಂಡಕ್ಕೆ ಹೋದರು. ನಲವತ್ತು ತುಂಬಿದ ಮೇಲೆ, 2013ರ ಐಪಿಎಲ್‌ನಲ್ಲಿ, 400ಕ್ಕೂ ಹೆಚ್ಚು ರನ್ ಗಳಿಸಿದರು. ಆ ರನ್ನುಗಳನ್ನು ನೋಡಿ ಅವರ ಆಟದ ಬಗ್ಗೆ ಏನನ್ನಾದರೂ ಹೇಳುವುದು ತಕ್ಕಮಟ್ಟಿಗೆ ನ್ಯಾಯವಾದ ಮಾತು. ರಿಸೀವರನ ಪಾಡು ಹಾಗಲ್ಲ. ಅವನಿಗೆ ಚೆಂಡು ಬರಬೇಕಾದದ್ದು ತನ್ನವರಿಂದಲೇ. ಅವರಿಗೆ ಎಸೆಯುವ ಬಲವಿಲ್ಲದಿದ್ದರೆ, ಹೊತ್ತಿಲ್ಲದಿದ್ದರೆ, ಮನಸ್ಸಿಲ್ಲದಿದ್ದರೆ ಅವನ ಲೆಕ್ಕದಲ್ಲಿ ಸೊನ್ನೆಯೇ ಉಳಿಯುತ್ತದೆ. ಅವನ ಹೆಸರಿನ ಮುಂದೆ ಬರೆದ ಅಂಕಿ ವಾಸ್ತವದಲ್ಲಿ ಹಲವರ ಜಂಟಿ ಖಾತೆ.

ಈಗ ಮಾಸ್ ಅವರ ಖಾತೆಯನ್ನು ತೆರೆದು ನೋಡೋಣ. 1998ರಲ್ಲಿ ಮಿನ್ನೆಸೋಟ ವೈಕಿಂಗ್ಸ್ ತಂಡಕ್ಕೆ ಬಂದವರು ಮೊದಲ ವರ್ಷವೇ 17 ಟಚ್‌ಡೌನ್ ಗಳಿಸಿದರು. ಮೊದಲ ಆರು ಋತುಗಳಲ್ಲಿ ಒಮ್ಮೆಯೂ ಸಾವಿರ ಗಜಕ್ಕಿಂತ ಕೆಳಗಿಳಿಯಲಿಲ್ಲ. 2003ರಲ್ಲಂತೂ 1632 ಗಜ, 17 ಟಚ್‌ಡೌನ್. 2004ರಲ್ಲಿ ತೊಡೆಯ ಹಿಂಬದಿಯ ಸ್ನಾಯುವಿನ ನೋವು ಕಾಡಿತು. ಗಜಗಳು 767ಕ್ಕೆ ಇಳಿದವು. 2005ರ ಆರಂಭದಲ್ಲಿ ಅವರನ್ನು ಓಕ್ಲೆಂಡ್ ರೇಡರ್ಸ್ ತಂಡಕ್ಕೆ ಕೊಟ್ಟರು. ಆಗ ಓಕ್ಲೆಂಡ್ ತೆತ್ತ ಬೆಲೆ ದೊಡ್ಡದು. ಹೊಸ ಆಟಗಾರರನ್ನು ಆರಿಸಿಕೊಳ್ಳುವ ವಾರ್ಷಿಕ ಸರದಿಯಲ್ಲಿ ಮೊದಲ ಸುತ್ತಿನ ಏಳನೆಯ ಆಯ್ಕೆಯ ಹಕ್ಕನ್ನೂ ಆಗಲೇ ಆಡುತ್ತಿದ್ದ ಆಟಗಾರನೊಬ್ಬನನ್ನೂ ಅದು ಬಿಟ್ಟುಕೊಟ್ಟಿತು.

ಓಕ್ಲೆಂಡಿನಲ್ಲಿ ಮೊದಲ ವರ್ಷ 1005 ಗಜ, 8 ಟಚ್‌ಡೌನ್. ಎರಡನೆಯ ವರ್ಷ, 2006ರಲ್ಲಿ, 42 ಹಿಡಿತ, 553 ಗಜ, ಕೇವಲ 3 ಟಚ್‌ಡೌನ್. ಇಳಿಜಾರಿನ ಚಿತ್ರ ಇದಕ್ಕಿಂತ ಅಚ್ಚುಕಟ್ಟಾಗಿ ಇರಲು ಸಾಧ್ಯವಿಲ್ಲ. ವಯಸ್ಸು ಮೂವತ್ತಕ್ಕೆ ಬಂದಿತ್ತು, ಮೈಗೆ ಗಾಯಗಳಾಗಿದ್ದವು, ಅವರು ಮನಸ್ಸಿಟ್ಟು ಆಡುತ್ತಿಲ್ಲವೆಂಬ ದೂರೂ ಇತ್ತು. 2007ರ ಏಪ್ರಿಲ್‌ನಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡ ಅವರನ್ನು ಪಡೆದದ್ದು ನಾಲ್ಕನೆಯ ಸುತ್ತಿನ ಒಂದೇ ಒಂದು ಆಯ್ಕೆಯ ಹಕ್ಕಿಗೆ. ತಮಗೆ ಬರಬೇಕಿದ್ದ ಸಂಬಳವನ್ನು ತಗ್ಗಿಸಿಕೊಳ್ಳಲು ಮಾಸ್ ಅವರೂ ಒಪ್ಪಿದರು. ಎರಡೇ ವರ್ಷಗಳಲ್ಲಿ ಪೇಟೆಯ ಬೆಲೆ ಇಷ್ಟು ಕುಸಿದಿತ್ತು. ಅಂಕಿಗಳನ್ನು ನಂಬಿದವರು ಮೋಸಹೋದಾಗ ಆಗುವ ನಷ್ಟ ಬರಿಯ ಹರಟೆಯ ಮಟ್ಟದ್ದಲ್ಲ. ಅದು ಒಬ್ಬ ದುಡಿಯುವವನ ಕೂಲಿಗೂ ಮರ್ಯಾದೆಗೂ ಸಂಬಂಧಿಸಿದ್ದು.

ಮುಂದೆ ನಡೆದದ್ದು ಆಟದ ಇತಿಹಾಸದಲ್ಲಿ ಸೇರಿಹೋಗಿದೆ. 2007ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ಜೆಟ್ಸ್ ಎದುರು ಹೊಸ ತಂಡದ ಪರವಾಗಿ ಆಡಿದ ಮೊದಲ ಪಂದ್ಯದಲ್ಲೇ 183 ಗಜ. ಋತು ಮುಗಿಯುವಾಗ 98 ಹಿಡಿತ, 1493 ಗಜ, 23 ಟಚ್‌ಡೌನ್. ಒಂದು ಋತುವಿನಲ್ಲಿ ರಿಸೀವರ್ ಒಬ್ಬ ಚೆಂಡು ಹಿಡಿದು ಅಷ್ಟು ಟಚ್‌ಡೌನ್ ಗಳಿಸಿದ್ದು ಅದೇ ಮೊದಲು. 1987ರಲ್ಲಿ ಜೆರ‍್ರಿ ರೈಸ್ ಸ್ಥಾಪಿಸಿದ್ದ 22ರ ದಾಖಲೆ ಮುರಿಯಿತು. ತಂಡ ಹದಿನಾರಕ್ಕೆ ಹದಿನಾರೂ ಪಂದ್ಯಗಳನ್ನು ಗೆದ್ದಿತು, ಕಟ್ಟಕಡೆಯ ಸೂಪರ್ ಬೌಲ್ ಒಂದನ್ನು ಮಾತ್ರ ಸೋತಿತು. ಐದು ತಿಂಗಳ ಹಿಂದೆ ಅಗ್ಗಕ್ಕೆ ಬಂದವರ ಕಾಲುಗಳು ಬೇಸಿಗೆಯಲ್ಲಿ ಹೊಸದಾಗಿ ಚಿಗುರಲಿಲ್ಲ. ಬದಲಾದದ್ದು ಚೆಂಡು ಎಸೆಯುವ ಕೈ, ಆ ಕೈಯನ್ನು ಕಾಯುವ ಗೋಡೆ, ಪಕ್ಕದಲ್ಲಿ ಓಡುವ ಜೊತೆಗಾರರು.

ಓಕ್ಲೆಂಡಿನಲ್ಲಿ ಇದ್ದುದೇನು? 2006ರಲ್ಲಿ ಆ ತಂಡ 16ರಲ್ಲಿ ಗೆದ್ದದ್ದು 2 ಪಂದ್ಯ. ಇಡೀ ಋತುವಿನಲ್ಲಿ ಗಳಿಸಿದ್ದು 168 ಅಂಕ. ಅದರ ಕ್ವಾರ್ಟರ್‌ಬ್ಯಾಕ್‌ಗಳನ್ನು ಎದುರಾಳಿಗಳು ಚೆಂಡು ಎಸೆಯುವ ಮೊದಲೇ ಕೆಡವಿದ್ದು 72 ಸಲ. ದೂರಕ್ಕೆ ಓಡುವುದೇ ಮಾಸ್ ಅವರ ವಿದ್ಯೆ. ದೂರಕ್ಕೆ ಓಡಲು ಹೊತ್ತು ಬೇಕು. ಹೊತ್ತೇ ಇಲ್ಲದ ತಂಡದಲ್ಲಿ ಆ ವಿದ್ಯೆಗೆ ಬೆಲೆ ಎಲ್ಲಿಯದು? ಮಳೆಯೇ ಬಾರದ ವರ್ಷದ ಇಳುವರಿಯನ್ನು ನೋಡಿ ಬಿತ್ತನೆಯ ಬೀಜವನ್ನು ಹಳಿದ ಹಾಗಾಯಿತು ಆ ತೀರ್ಪು.

ಎಚ್ಚರದಿಂದ ನೋಡಿದವರಿಗೆ ಸುಳಿವು ಆಗಲೂ ಇತ್ತು. ಓಕ್ಲೆಂಡಿನ ಮೊದಲ ವರ್ಷ ಅವರು ಹಿಡಿದದ್ದು 60 ಚೆಂಡು, ಪ್ರತಿ ಹಿಡಿತಕ್ಕೆ ಸರಾಸರಿ ಹದಿನಾರು ಗಜಕ್ಕೂ ಮೇಲು. ಅದಕ್ಕೂ ಹಿಂದಿನ ನಾಲ್ಕು ವರ್ಷಗಳಲ್ಲಿ ಮಿನ್ನೆಸೋಟದಲ್ಲಿಯೂ ಈ ಸರಾಸರಿ ಅಷ್ಟಿರಲಿಲ್ಲ. ಕಾಲಿನ ವೇಗ ಕಳೆದುಕೊಂಡವನು ಹಿಡಿತಕ್ಕೊಮ್ಮೆ ಅಷ್ಟು ದೂರ ಸಾಗಲಾರ. ಒಟ್ಟು ಮೊತ್ತ ಇಳಿದಿತ್ತು, ಓಟ ಇಳಿದಿರಲಿಲ್ಲ.

ಒಂದು ಏರಿಕೆಯಿಂದ ಸಿದ್ಧಾಂತ ಕಟ್ಟಬಾರದು ಎನ್ನುವವರಿಗೆ 2008 ಉತ್ತರ ಕೊಡುತ್ತದೆ. ಆ ವರ್ಷದ ಮೊದಲ ಪಂದ್ಯದಲ್ಲೇ ಪೇಟ್ರಿಯಟ್ಸ್‌ನ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಮೊಣಕಾಲು ಮುರಿದುಕೊಂಡು ಹೊರಗುಳಿದರು. ಕಾಲೇಜಿನಲ್ಲೂ ಒಂದು ಪಂದ್ಯವನ್ನು ಕ್ವಾರ್ಟರ್‌ಬ್ಯಾಕ್ ಆಗಿ ಆರಂಭಿಸದಿದ್ದ ಮ್ಯಾಟ್ ಕ್ಯಾಸೆಲ್ ಆ ಜಾಗಕ್ಕೆ ಬಂದರು. ಅದೇ ತಂಡ, ಅದೇ ತರಬೇತುದಾರ, ಅದೇ ಮಾಸ್. ಗಜಗಳು 1493ರಿಂದ 1008ಕ್ಕೆ, ಟಚ್‌ಡೌನ್‌ಗಳು 23ರಿಂದ 11ಕ್ಕೆ ಇಳಿದವು. 2009ರಲ್ಲಿ ಬ್ರೇಡಿ ಮರಳಿದರು. ಗಜಗಳು 1264ಕ್ಕೆ ಏರಿದವು. ಒಂದು ವರ್ಷ ಮುದುಕರಾಗಿ ಮರುವರ್ಷ ಪ್ರಾಯಕ್ಕೆ ಬರುವ ಮನುಷ್ಯರು ಪುರಾಣದಲ್ಲಿ ಮಾತ್ರ ಸಿಗುತ್ತಾರೆ. ಉಪಕಾರ ಒಂದೇ ಕಡೆಯಿಂದ ಆದದ್ದೂ ಅಲ್ಲ. ಮಾಸ್ ಬರುವುದಕ್ಕೆ ಹಿಂದಿನ ವರ್ಷ ಬ್ರೇಡಿ ಎಸೆದ ಟಚ್‌ಡೌನ್‌ಗಳು 24. ಮಾಸ್ ಬಂದ ವರ್ಷ 50. ಬ್ರೇಡಿಯವರ ಐವತ್ತನೆಯದೂ ಮಾಸ್ ಅವರ ಇಪ್ಪತ್ತಮೂರನೆಯದೂ ಆದದ್ದು ಒಂದೇ ಎಸೆತದಿಂದ, ನ್ಯೂಯಾರ್ಕ್ ಜಯಂಟ್ಸ್ ಎದುರಿನ 65 ಗಜದ ಒಂದೇ ಹಿಡಿತದಿಂದ. ಆ ಚೆಂಡು ಯಾರದೆಂದು ಯಾರು ಪಾಲು ಮಾಡಿಯಾರು?

ನಮ್ಮ ವಾದಕ್ಕೆ ಗಟ್ಟಿಯಾದ ಒಂದು ಆಕ್ಷೇಪವಿದೆ, ಅದನ್ನು ಮುಚ್ಚಿಡಲಾಗದು. ಓಕ್ಲೆಂಡಿನ ಎರಡನೆಯ ವರ್ಷ ಮಾಸ್ ಅವರ ಕೈಯಿಂದ ಹಿಡಿಯಬಹುದಾದ ಚೆಂಡುಗಳೂ ಜಾರಿದವು. ತಂಡದ ಸ್ಥಿತಿಯಿಂದ ಮನಸ್ಸು ಕೆಟ್ಟಾಗ ಏಕಾಗ್ರತೆ ತಪ್ಪುತ್ತದೆ ಎಂಬರ್ಥದ ಮಾತನ್ನು ಅವರೇ ಬಹಿರಂಗವಾಗಿ ಆಡಿದ್ದರು. ಹಾಗಿದ್ದ ಮೇಲೆ ಎಲ್ಲವನ್ನೂ ತಂಡದ ತಲೆಗೆ ಕಟ್ಟುವುದು ಸರಿಯೇ? ಸರಿಯಲ್ಲ. ಸಂಬಳ ಪಡೆದು ಆಡುವವನಿಗೆ ಬೇಸರದ ದಿನಗಳಲ್ಲೂ ಓಡುವ ಹೊಣೆಯಿದೆ; ಆ ಹೊಣೆಯಲ್ಲಿ ಮಾಸ್ ಹಿಂದೆ ಬಿದ್ದರು. ಆದರೆ ಇದು ನಡತೆಯ ಮೇಲಿನ ದೂರು, ಶಕ್ತಿಯ ಅಳತೆಯಲ್ಲ. ‘ಮಾಡಲಿಲ್ಲ’ ಎಂಬುದೂ ‘ಮಾಡಲಾರ’ ಎಂಬುದೂ ಬೇರೆ ಬೇರೆ. ಮೊದಲನೆಯದಕ್ಕೆ ಎಷ್ಟು ಬೇಕಾದರೂ ಬಯ್ಯಿರಿ, ಎರಡನೆಯದನ್ನು ಸಾಧಿಸಲು ಬೇರೆ ಸಾಕ್ಷ್ಯ ಬೇಕು.

ಹಾಗಾದರೆ ಇಳಿಗಾಲವೆಂಬುದೇ ಇಲ್ಲವೇ? ಇದೆ. ಅದು ಮಾಸ್ ಅವರಿಗೂ ಬಂತು. 2010ರಲ್ಲಿ ಅವರು ಒಂದೇ ಋತುವಿನಲ್ಲಿ ಮೂರು ತಂಡಗಳಿಗೆ ಆಡಿದರು: ಪೇಟ್ರಿಯಟ್ಸ್, ಮತ್ತೆ ವೈಕಿಂಗ್ಸ್, ಕೊನೆಗೆ ಟೆನೆಸೀ ಟೈಟನ್ಸ್. ಮೂರೂ ಕಡೆ ಸೇರಿ 28 ಹಿಡಿತ, 393 ಗಜ. ಬ್ರೇಡಿ ಎಸೆದಾಗಲೂ, ಮಿನ್ನೆಸೋಟದಲ್ಲಿ ಬ್ರೆಟ್ ಫಾರ್ವ್ ಎಸೆದಾಗಲೂ ಹಳೆಯ ಫಲ ಬರಲಿಲ್ಲ. ಟೈಟನ್ಸ್‌ನಲ್ಲಿ ಎಂಟು ಪಂದ್ಯಗಳಿಗೆ ಆರೇ ಹಿಡಿತ. ಎಸೆಯುವ ಕೈಗಳು ಬದಲಾದರೂ ಫಲ ಬದಲಾಗದಿದ್ದಾಗ ಕಾರಣವನ್ನು ಹಿಡಿಯುವವನಲ್ಲಿಯೇ ಹುಡುಕಬೇಕಾಗುತ್ತದೆ. 2006ರ 553 ಗಜವನ್ನೂ 2010ರ 393 ಗಜವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು ಎಂದು ನಾವು ಹೇಳುವುದು ಇದಕ್ಕಾಗಿಯೇ.

ಜೆರ‍್ರಿ ರೈಸ್ ಅವರ ಕತೆಯೂ ಇದನ್ನೇ ಇನ್ನೊಂದು ಬದಿಯಿಂದ ಹೇಳುತ್ತದೆ. 2000ದಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ತಂಡದಲ್ಲಿ ಅವರದು 805 ಗಜ, ವಯಸ್ಸು 38. ಹಳೆಯ ತಂಡ ಕೈಬಿಟ್ಟಿತು. ಕೊಲ್ಲಿಯ ಆಚೆ ದಡದ ಓಕ್ಲೆಂಡಿಗೆ ಹೋದರು. 2001ರಲ್ಲಿ 1139 ಗಜ, ನಲವತ್ತು ತುಂಬಿದ 2002ರಲ್ಲಿ 1211 ಗಜ. ಮುಂದೆ ಮಾಸ್ ಅವರನ್ನು ಮುಳುಗಿಸಿದ ಅದೇ ಓಕ್ಲೆಂಡ್ ರೈಸ್ ಅವರನ್ನು ತೇಲಿಸಿತ್ತು. ಏಕೆಂದರೆ ಆಗ ಎಸೆಯುತ್ತಿದ್ದವರು ರಿಚ್ ಗ್ಯಾನನ್, 2002ರ ಲೀಗಿನ ಅತ್ಯಮೂಲ್ಯ ಆಟಗಾರ. 2003ರಲ್ಲಿ ಗ್ಯಾನನ್ ಭುಜದ ಗಾಯದಿಂದ ಹೊರನಡೆದರು, ರೈಸ್ ಅವರ ಗಜಗಳೂ 869ಕ್ಕೆ ಇಳಿದವು. ಮರುವರ್ಷ ಮೊದಲ ಆರು ಪಂದ್ಯಗಳಿಗೆ ಐದೇ ಹಿಡಿತ. ಸಿಯಾಟಲ್‌ಗೆ ಹೋದ ಮೇಲೂ ಹಳೆಯ ರೈಸ್ ಮರಳಲಿಲ್ಲ. ಅಲ್ಲಿಗೆ ಮುಪ್ಪು ನಿಜವಾಗಿ ಬಂದಿತ್ತು. ಆದರೆ ಮೂವತ್ತೆಂಟಕ್ಕೆ ಬಂದಿತೆಂದವರ ಲೆಕ್ಕ ಎರಡು ವರ್ಷ, 2350 ಗಜದಷ್ಟು ತಪ್ಪಿತ್ತು.

ಆದ್ದರಿಂದ ತಂಡ ಬದಲಿಸಿದ ಹಿರಿಯ ರಿಸೀವರನ ಬಗ್ಗೆ ಕೇಳಬೇಕಾದ ಪ್ರಶ್ನೆಗಳು ಬೇರೆ. ಎದುರಾಳಿಗಳು ಈಗಲೂ ಅವನ ಮೇಲೆ ಇಬ್ಬರನ್ನು ಕಾವಲಿಡುತ್ತಾರೆಯೇ? ತನ್ನನ್ನು ಕಾಯುವವನಿಂದ ಅವನು ಈಗಲೂ ಎರಡು ಹೆಜ್ಜೆ ಬಿಡಿಸಿಕೊಳ್ಳುತ್ತಾನೆಯೇ? ಚೆಂಡು ಬಂದಾಗ ಹಿಡಿದು ಎಷ್ಟು ದೂರ ಸಾಗುತ್ತಾನೆ? ಬಿಡಿಸಿಕೊಂಡಾಗಲೂ ಚೆಂಡು ಅವನತ್ತ ಬಾರದಿದ್ದರೆ, ಏಕೆ ಬರಲಿಲ್ಲ? ಎದುರಾಳಿಗಳ ಭಯ ಈ ಪೈಕಿ ಅತ್ಯಂತ ಪ್ರಾಮಾಣಿಕವಾದ ಸಾಕ್ಷಿ. ಮೂವತ್ತು ಸೆಕೆಂಡಿನ ಸುದ್ದಿಯಲ್ಲಿ ಅದು ಕಾಣುವುದಿಲ್ಲ. ಚೆಂಡಿಲ್ಲದ ಕಡೆ ಕಣ್ಣು ನೆಟ್ಟು ನೋಡುವವರಿಗೆ ಕಾಣುತ್ತದೆ.

ಈ ಪ್ರಶ್ನೆಗೆ ಇಷ್ಟು ಜಾಗ ಕೊಡಲು ಕಾರಣವಿದೆ. ವರ್ಗವಾಗಿ, ಕೆಲಸ ಹುಡುಕಿ, ಮಕ್ಕಳ ಹಿಂದೆ ಹೊರಟು ಊರು ಬದಲಿಸಿದವರೇ ನಮ್ಮಲ್ಲಿ ಬಹುಮಂದಿ. ಹೊಸ ಕಚೇರಿಯ ಮೊದಲ ವರ್ಷದ ವರದಿಯಲ್ಲಿ ಮೊದಲಿಗಿಂತ ಕಡಿಮೆಯವರಾಗಿ ಕಾಣಿಸಿಕೊಳ್ಳುವುದು ಏನೆಂದು ಅವರಿಗೆ ವಿವರಿಸಬೇಕಿಲ್ಲ. ನಾಟಿ ಮಾಡಿದ ಭತ್ತದ ಪೈರು ಕೆಲವು ದಿನ ಹಳದಿಗಟ್ಟಿ ಬಾಡಿದಂತೆ ಕಾಣುತ್ತದೆ. ರೈತ ಅದನ್ನು ಕಿತ್ತೆಸೆಯುವುದಿಲ್ಲ. ಗದ್ದೆಯಲ್ಲಿ ನೀರು ನಿಂತಿದೆಯೇ ಎಂದು ಮೊದಲು ನೋಡುತ್ತಾನೆ. ಬೇರು ಹಿಡಿಯದ ಪೈರೂ ಇರುತ್ತದೆ, ಅದೂ ಅವನಿಗೆ ಗೊತ್ತು. ಆದರೆ ನೀರು ನೋಡದೆ ಪೈರು ಸತ್ತಿತೆಂದು ಸಾರುವವನನ್ನು ಯಾರೂ ಬೇಸಾಯಗಾರನೆಂದು ಕರೆಯುವುದಿಲ್ಲ.

ಮುಂದಿನ ಋತುವಿನಲ್ಲಿಯೂ ಯಾವನೋ ಹಿರಿಯ ರಿಸೀವರ್ ಹೊಸ ಅಂಗಿ ತೊಟ್ಟು ಮೈದಾನಕ್ಕಿಳಿಯುತ್ತಾನೆ. ಅವನ ಅಂಕಿಗಳು ಇಳಿಯಲೂಬಹುದು. ಅವನು ಮುಗಿದನೆಂದು ಬರೆಯುವ ಮುನ್ನ ಚೆಂಡು ಎಸೆಯುತ್ತಿರುವವನು ಯಾರು, ಎಸೆಯಲು ಅವನಿಗೆ ಹೊತ್ತು ಸಿಕ್ಕಿತೇ ಎಂಬ ಎರಡು ಮಾತನ್ನು ಕೇಳಿದರೆ ಸಾಕು. ಉತ್ತರ ಸಿಕ್ಕಿದ ಮೇಲೂ ಅವನು ಮುಗಿದನೆಂದು ಕಂಡರೆ ಹಾಗೆಯೇ ಬರೆಯಲಿ. ಅದರ ಮೇಲೆ ನಮ್ಮ ತಕರಾರಿಲ್ಲ.